ಕರಡಕ್ಕ ತಿದ್ದಿದ ಹತ್ತು ಕೊಂಡಿಗಳು

ಮುದ್ರಣಾಲಯದಲ್ಲಿ ಮೂವತ್ತೊಂದು ವರ್ಷ ಕರಡು ತಿದ್ದಿದ್ದಕ್ಕೆ ಅವಳಿಗೆ ಕರಡಕ್ಕ ಎಂಬ ಹೆಸರು ಬಂತು. ಬೆನ್ನ ಹಿಂದೆ ಅಲ್ಲಿನವರು ಡಕಾರಕ್ಕೊಂದು ಗುಡಿಸು ಕೊಟ್ಟು ಕರಡಿಯಕ್ಕ ಎನ್ನುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು. "ಅನ್ಲಿ ಬಿಡಿ, ಕಾಗುಣಿತ ಸರಿಯಾಗಿದೆಯಲ್ಲ, ಅಷ್ಟು ಸಾಕು" ಎಂದು ಕನ್ನಡಕ ಒರೆಸಿಕೊಳ್ಳುತ್ತಿದ್ದಳು.

ತಪ್ಪು ಕಂಡರೆ ಅವಳ ಕೈ ಸುಮ್ಮನಿರುತ್ತಿರಲಿಲ್ಲ. ಮಾತ್ರೆಯ ಡಬ್ಬಿ, ಬಸ್ಸಿನ ಟಿಕೆಟ್ಟು, ಗೋಡೆಯ ಕ್ಯಾಲೆಂಡರು, ಯಾವುದೂ ಅವಳ ಕೆಂಪು ಪೆನ್ನಿನಿಂದ ಪಾರಾಗಿರಲಿಲ್ಲ. ಒಮ್ಮೆ ಪಕ್ಕದ ಮನೆಯವರು ಊರಿಗೆ ಹೋಗುವಾಗ ಹಾಲಿನವನಿಗಾಗಿ "ನಾಲ್ಕು ದಿನ ಹಾಲು ಭೇಡ" ಎಂದು ಬಾಗಿಲಿಗೆ ಚೀಟಿ ಅಂಟಿಸಿದ್ದರು. ಆ ಮಹಾಪ್ರಾಣ ಕರಡಕ್ಕನ ಪ್ರಾಣ ತಿಂದಿತು. 'ಭೇಡ'ದ ಮೇಲೆ ಕೆಂಪು ಗೆರೆ ಎಳೆದು, ಅಂಚಿನಲ್ಲಿ ಪುಟ್ಟದಾಗಿ ಸರಿಯಾದ ಅಕ್ಷರ ಬರೆದಳು. ಹಾಲಿನವನು ನೋಡಿದ, ಬೇಡ ಅನ್ನುವುದನ್ನು ಹೊಡೆದುಹಾಕಿದ್ದಾರೆ ಎಂದುಕೊಂಡ, ನಾಲ್ಕು ದಿನವೂ ತಪ್ಪದೆ ಹಾಲಿಟ್ಟು ಹೋದ. ಮನೆಯವರು ವಾಪಸು ಬಂದಾಗ ಹೊಸ್ತಿಲ ಬಳಿ ಎಂಟು ಪೊಟ್ಟಣಗಳು ಹುಳಿ ಹಿಡಿದು ಕೂತಿದ್ದವು. ಇಷ್ಟಾದರೂ ಕರಡಕ್ಕನ ವಾದ ಒಂದೇ: ತಪ್ಪು ತನ್ನದಲ್ಲ, ತಿದ್ದುಪಡಿಯ ಗುರುತು ಕಲಿಯದ ಹಾಲಿನವನದು.

ಕರಡು ತಿದ್ದುವವರಿಗೆ ಇನ್ನೊಂದು ಗುರುತಿದೆ. ಹೊಡೆದುಹಾಕಿದ ಮಾತಿನ ಕೆಳಗೆ ಸಾಲಾಗಿ ಚುಕ್ಕಿ ಇಟ್ಟು ಪಕ್ಕದಲ್ಲಿ 'ಇರಲಿ' ಎಂದು ಬರೆದರೆ, ಮೊದಲು ಹೇಗಿತ್ತೋ ಹಾಗೇ ಬಿಡಿ ಎಂದರ್ಥ. ತಿದ್ದಿದವರು ತಮ್ಮ ತಿದ್ದುಪಡಿಯನ್ನೇ ವಾಪಸು ತೆಗೆದುಕೊಳ್ಳುವ ಗುರುತು ಅದು. ಮೂವತ್ತೊಂದು ವರ್ಷದಲ್ಲಿ ಕರಡಕ್ಕ ಅದನ್ನು ಬಳಸಿದ್ದನ್ನು ಕಂಡವರು ಯಾರೂ ಇಲ್ಲ.

ಅವಳು ಮದುವೆಯಾಗಲಿಲ್ಲ. ಗಂಡಿನ ಕಡೆಯವರು ಬರೆದ ಪತ್ರದಲ್ಲಿ ತಪ್ಪು ಹುಡುಕಿ ವಾಪಸು ಕಳಿಸಿದಳು ಎಂದು ಮನೆಯಲ್ಲಿ ತಮಾಷೆ ಮಾಡುತ್ತಿದ್ದರು. ನಿಜವಾದ ಕಾರಣ ಅವಳು ಹೇಳಿಲ್ಲ, ನಾವು ಕೆದಕುವುದೂ ಬೇಡ. ಇದ್ದದ್ದು ತಮ್ಮನ ಜೊತೆ, ತಮ್ಮನ ಹೆಂಡತಿಯ ಜೊತೆ, ಎರಡು ಕೋಣೆಯ ಮನೆಯಲ್ಲಿ.

ತಮ್ಮನದು ಕಿವಿಯ ಕೆಲಸ. ಕಿವಿ ಮಂದವಾದವರು ಹಾಕಿಕೊಳ್ಳುವ ಆ ಕಡಲೆಬೀಜದಷ್ಟು ಯಂತ್ರವನ್ನು ಬಿಚ್ಚಿ, ಒಳಗೆ ಕೂತ ಗುಗ್ಗೆ ತೆಗೆದು, ತುಂಡಾದ ಕೂದಲೆಳೆಯಂಥ ತಂತಿ ಬೆಸೆದು, ಮತ್ತೆ ಮಾತು ಕೇಳಿಸುವಂತೆ ಮಾಡುತ್ತಿದ್ದ. ಈ ವಿದ್ಯೆ ಅವನಿಗೆ ಹತ್ತಿದ್ದು ಅಮ್ಮನಿಂದ. ಅಮ್ಮನಿಗೆ ಐವತ್ತಕ್ಕೇ ಕಿವಿ ಕೇಳಿಸುವುದು ಕಡಿಮೆಯಾಯಿತು. ಬೆಳಗ್ಗೆ ಎದ್ದರೆ ಅವಳ ಮೊದಲ ಮಾತು "ನನ್ನ ಕಿವಿ ಮಿಷನ್ ಎಲ್ಲಿ?" ಮಗಳು ಅದನ್ನು ಹುಡುಕಿ ಅಮ್ಮನ ಕಿವಿಗೆ ಹಾಕುತ್ತಿದ್ದಳು, ಆದರೆ ಮಾತು ತಿದ್ದದೆ ಬಿಡುತ್ತಿರಲಿಲ್ಲ. "ಮಿಷನ್ ಅಲ್ಲಮ್ಮ, ಶ್ರವಣ ಸಾಧನ ಅನ್ನು." ಅಮ್ಮ ಹಾಕಿಕೊಂಡಿದ್ದ ಮಿಷನ್ನನ್ನು ಕಿವಿಯಿಂದ ಕಿತ್ತು ಸೆರಗಿನಲ್ಲಿ ಕಟ್ಟಿಕೊಳ್ಳುತ್ತಿದ್ದಳು. ಅಲ್ಲಿಗೆ ಪಾಠ ಮುಗಿಯುತ್ತಿತ್ತು.

ತಮ್ಮನ ಅಂಗಡಿ ಮೊದಲು ದೊಡ್ಡ ರಸ್ತೆಯ ಮೇಲೇ ಇತ್ತು. ರಸ್ತೆ ಅಗಲ ಮಾಡುವಾಗ ಆ ಸಾಲಿಗೆ ಸಾಲೇ ಹೋಯಿತು. ಸಿಕ್ಕಿದ್ದು ಹಿಂದಿನ ಓಣಿಯಲ್ಲಿ, ಕಾಗದದ ಗೋದಾಮಿನ ಮೇಲೆ, ಹತ್ತೊಂಬತ್ತು ಮೆಟ್ಟಿಲು ಹತ್ತಿ ಹೋಗಬೇಕಾದ ಒಂದು ಕೋಣೆ. ಕಿಟಕಿಯ ಪಕ್ಕ ಬೆಂಚು, ಬೆಂಚಿನ ಮೇಲೆ ದೀಪವಿರುವ ಭೂತಗನ್ನಡಿ, ಚಿಮುಟಗಳು, ಮೊಟ್ಟೆಯ ಟ್ರೇನಂಥ ಗೂಡುಗೂಡಿನ ತಟ್ಟೆ. ಕೆಳಗೆ ಓಣಿಯಲ್ಲಿ ನಿಂತವರಿಗೆ ಇದ್ಯಾವುದೂ ಕಾಣಿಸುತ್ತಿರಲಿಲ್ಲ. ಹಾಗಾಗಿ ಹಿಂದೆ ಅಂಗಡಿಗಳಿಗೆ ಬಣ್ಣದಲ್ಲಿ ಬೋರ್ಡು ಬರೆಯುತ್ತಿದ್ದು, ಈಗ ಅದೇ ಅಂಗಡಿಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತಿದ್ದ ಒಬ್ಬರನ್ನು ತಮ್ಮ ಹಿಡಿದ. ಅವರನ್ನು ಎಲ್ಲರೂ ಬೋರ್ಡು ಮಾಸ್ತರು ಎನ್ನುತ್ತಿದ್ದರು.

ಮಾಸ್ತರು ವೆಬ್‌ಸೈಟ್ ಮಾಡಿದರು. ತಮ್ಮನ ಕೆಲಸದ ರುಚಿ ಕಂಡಿದ್ದ ಹನ್ನೊಂದು ಕಡೆಯವರು ತಂತಮ್ಮ ವೆಬ್‌ಸೈಟಿನಲ್ಲಿ ಅದಕ್ಕೆ ಲಿಂಕ್ ಕೊಟ್ಟರು. ಕಿವುಡು ಮಕ್ಕಳ ಶಾಲೆ, ನಿವೃತ್ತರ ಸಂಘ, ಔಷಧದ ಅಂಗಡಿ, ಒಬ್ಬ ಸಂಗೀತದ ಟೀಚರು, ಹೀಗೆ. ಫೋನು ದಿನಕ್ಕೆ ಆರೇಳು ಸಲ ರಿಂಗಾಗುತ್ತಿತ್ತು. ಹತ್ತೊಂಬತ್ತು ಮೆಟ್ಟಿಲನ್ನು ಜನ ಏದುಸಿರು ಬಿಡುತ್ತ ಹತ್ತಿ ಬರುತ್ತಿದ್ದರು. ಒಂದು ವರ್ಷ ಎಲ್ಲ ಸುಸೂತ್ರವಾಗಿತ್ತು.

ಆಮೇಲೆ ಮುದ್ರಣಾಲಯ ಮುಚ್ಚಿತು. ಕರಡಕ್ಕ ಮನೆಗೆ ಬಂದು ಕೂತಳು. ಕೂತವಳು ಮೂರನೆಯ ದಿನಕ್ಕೆ ತಮ್ಮನ ಹೆಂಡತಿ ಬರೆದಿಟ್ಟ ಸಾಮಾನಿನ ಚೀಟಿ ತಿದ್ದಿದಾಗ, ತಮ್ಮ ಉಪಾಯವಾಗಿ ಹೇಳಿದ: "ಅಕ್ಕ, ನಮ್ಮ ವೆಬ್‌ಸೈಟ್ ಒಂದ್ಸಲ ನೋಡು. ಏನಾದ್ರೂ ತಪ್ಪಿದ್ರೆ ಮಾಸ್ತರಿಗೆ ಹೇಳಿದ್ರಾಯ್ತು."

ಕೇಳಬೇಕೇ? ಅವಳು ಪುಟಪುಟವನ್ನೂ ಕಾಗದಕ್ಕೆ ಇಳಿಸಿ ಕೆಂಪು ಪೆನ್ನು ಹಿಡಿದಳು. ಕಿವಿ ಮಿಷನ್ ಹೋಗಿ ಶ್ರವಣ ಸಾಧನವಾಯಿತು, ರಿಪೇರಿ ಹೋಗಿ ದುರಸ್ತಿಯಾಯಿತು, ಅಂಗಡಿ ಹೋಗಿ ಕೇಂದ್ರವಾಯಿತು. ಮಾಸ್ತರು ಯಾವುದೋ ಬಟ್ಟೆ ಅಂಗಡಿಯ ಗಡಿಬಿಡಿಯಲ್ಲಿದ್ದರು, ಓದದೆ ಹಾಗೇ ಹಾಕಿಬಿಟ್ಟರು. ಅಷ್ಟಕ್ಕೆ ನಿಂತಿದ್ದರೂ ಆಗುತ್ತಿತ್ತು. ಆದರೆ ಅವಳ ಕಣ್ಣು ಆ ಹನ್ನೊಂದು ಲಿಂಕುಗಳ ಮೇಲೆ ಬಿತ್ತು. ಲಿಂಕ್ ಎಂದು ಅವಳು ಅನ್ನುತ್ತಿರಲಿಲ್ಲ, ಕೊಂಡಿ ಅನ್ನುತ್ತಿದ್ದಳು. ಒಂದೊಂದು ಕೊಂಡಿಯ ಮಾತೂ ಒಂದೊಂದು ಥರ. ಶಾಲೆಯವರು "ಮಕ್ಕಳ ಕಿವಿ ಮಿಷನ್ ಕೆಟ್ಟರೆ ಇವರ ಹತ್ರ ಹೋಗಿ" ಎಂದು ಬರೆದಿದ್ದರು. ನಿವೃತ್ತರು "ಕಿವಿ ಮಿಶನ್ನು ರಿಪೇರಿಯವರು" ಎಂದು. ಸಂಗೀತದ ಟೀಚರಂತೂ "ಕಿವಿಗೆ ಹಾಕೋ ಮಿಷಿನ್ ಸರಿಮಾಡೋರು." ತಮ್ಮನ ಮರ್ಯಾದೆಯೇ ಹೋದಂತಾಯಿತು ಅವಳಿಗೆ.

ಹನ್ನೊಂದು ಕಡೆಗೂ ವಿನಯವಾಗಿ ಪತ್ರ ಬರೆದಳು: ದಯವಿಟ್ಟು ಕೊಂಡಿಯ ಮಾತನ್ನು 'ಶ್ರವಣ ಸಾಧನ ದುರಸ್ತಿ ಕೇಂದ್ರ' ಎಂದು ತಿದ್ದಿಕೊಳ್ಳಬೇಕು. ಹತ್ತು ಕಡೆಯವರು ತಿದ್ದಿಕೊಂಡರು. ಹನ್ನೊಂದನೆಯವನು ಒಬ್ಬ ನಿವೃತ್ತ ಲಾರಿ ಡ್ರೈವರು. ಕೆಲಸ ಬಿಟ್ಟ ಮೇಲೆ ಹಕ್ಕಿಗಳ ಹಿಂದೆ ಬಿದ್ದು, ಅವುಗಳ ಫೋಟೋ ಹಾಕಲೆಂದೇ ಒಂದು ವೆಬ್‌ಸೈಟ್ ಇಟ್ಟುಕೊಂಡಿದ್ದ. ಅದರ ಕೊನೆಯಲ್ಲಿ ಹೀಗಿತ್ತು: "ನನ್ನ ಕಿವಿ ಮಿಶನ್ ರಿಪೇರಿ ಮಾಡಿ ಹಕ್ಕಿ ಕೂಗು ಕೇಳಿಸಿದ ಪುಣ್ಯಾತ್ಮಾ ಇಲ್ಲಿದಾನೆ." ಒಂದು ಸಾಲಿನಲ್ಲಿ ಅವಳ ಲೆಕ್ಕಕ್ಕೆ ಮೂರು ತಪ್ಪು. ಮೂರು ಪತ್ರ ಬರೆದಳು, ಡ್ರೈವರು ಜಪ್ಪಯ್ಯ ಅನ್ನಲಿಲ್ಲ. "ಭಂಡ ಮನುಷ್ಯ" ಎಂದು ಬೈದುಕೊಂಡು ಸುಮ್ಮನಾದಳು.

ಫೋನು ನಿಲ್ಲುತ್ತ ಬಂದದ್ದು ಆಮೇಲೆ. ಒಮ್ಮೆಲೇ ಅಲ್ಲ. ಆರು ಇದ್ದದ್ದು ನಾಲ್ಕಾಯಿತು, ಎರಡಾಯಿತು, ಒಂದೊಂದು ದಿನ ಪೂರ್ತಿ ಮೌನ. ತಮ್ಮ ಫೋನನ್ನೇ ಬಿಚ್ಚಿ ನೋಡಿದ. ಅದರಲ್ಲೇನೂ ಕೆಟ್ಟಿರಲಿಲ್ಲ. ಒರೆಸಿದ ಬೆಂಚನ್ನೇ ಮತ್ತೆ ಒರೆಸುತ್ತ, ಚಿಮುಟಗಳನ್ನು ಉದ್ದದ ಪ್ರಕಾರ ಜೋಡಿಸುತ್ತ ಕೂರುತ್ತಿದ್ದ. ಎರಡು ತಿಂಗಳು ಹೀಗೇ ಹೋಯಿತು.

ಆಗ ಹೊಸ ಕಿವಿಯಂತ್ರ ಮಾರುವ ಒಂದು ಕಂಪನಿಯಿಂದ ಅವನಿಗೆ ಕರೆ ಬಂತು. ದೂರದ ಊರಿನಲ್ಲಿ ಕೆಲಸ, ಶುಕ್ರವಾರದೊಳಗೆ ಹೂಂ ಅಥವಾ ಉಹೂಂ ಹೇಳಬೇಕು. ಹೂಂ ಅಂದರೆ ಅಂಗಡಿಗೆ ಬೀಗ. ತಮ್ಮನ ಹೆಂಡತಿ ಕೇಳಿದಳು: "ಅಲ್ಲಿ ಏನು ಕೆಲಸವಂತೆ?"

"ರಿಪೇರಿಗೆ ಅಂತ ಬಂದೋರಿಗೆ, ಹಳೇದು ಇನ್ನು ಆಗಲ್ಲ, ಹೊಸದು ತಗೊಳ್ಳಿ ಅಂತ ಹೇಳೋದು" ಎಂದ ಅವನು. "ಹೇಳೋಕೆ ಸ್ವಲ್ಪ ಕೆಲಸ ಗೊತ್ತಿರೋರು ಬೇಕಂತೆ, ಜನ ನಂಬ್ತಾರೆ ಅಂತ."

ತಮ್ಮ ಹದಿನೈದರ ವಯಸ್ಸಿನಲ್ಲಿ ಅಮ್ಮನ ಮಿಷನ್ನನ್ನು ಸೂಜಿಯಿಂದ ಬಿಚ್ಚಿ ಸರಿಮಾಡಿದ್ದು, ಅಮ್ಮ ಅದನ್ನು ಹಾಕಿಕೊಂಡು "ಇಷ್ಟು ದಿನ ಈ ಫ್ಯಾನು ಹೀಗೆ ಕಿರುಚ್ತಿತ್ತಾ?" ಎಂದು ನಕ್ಕಿದ್ದು ಕರಡಕ್ಕನ ಕಣ್ಣಮುಂದೆ ಬಂತು. ಆ ಹುಡುಗ ಈಗ ಆಗಲ್ಲ ಅನ್ನುವ ಕೆಲಸಕ್ಕೆ ಹೋಗಬೇಕು. ಅವಳಿಗೆ ಅಳು ಬಂತು, ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತಳು.

ಮಂಗಳವಾರ ಬೆಳಗ್ಗೆ ಅವಳೇ ತಮ್ಮನ ಜೊತೆ ಅಂಗಡಿಗೆ ಹೋದಳು. ಹನ್ನೊಂದರ ಹೊತ್ತಿಗೆ ಒಬ್ಬ ಮುದುಕಿ ಮೆಟ್ಟಿಲು ಹತ್ತಿ ಬಂದು, ಕುರ್ಚಿಯಲ್ಲಿ ಕುಸಿದು, ಮಾತ್ರೆಯ ಡಬ್ಬಿಯಿಂದ ತನ್ನ ಮಿಷನ್ ತೆಗೆದು ಕೊಟ್ಟಳು. ಅದು ಕುಯ್ಯ್ ಎಂದು ಕೂಗುತ್ತಿತ್ತು. ತಮ್ಮ ಅದರ ನಳಿಕೆ ಬದಲಿಸುತ್ತಿದ್ದಾಗ ಕರಡಕ್ಕ ಗಟ್ಟಿಯಾಗಿ ಕೇಳಿದಳು: "ಅಮ್ಮ, ನಮ್ಮ ಅಂಗಡಿ ನಿಮಗೆ ಹೇಗೆ ಸಿಕ್ಕಿತು?"

"ನಮ್ಮ ಸೊಸೆ ಫೋನ್ ಮುಂದೆ ಕೇಳಿದ್ಳಮ್ಮ, ಕಿವಿ ಮಿಷನ್ ರಿಪೇರಿ ಎಲ್ಲಿ ಮಾಡ್ತಾರೆ ಅಂತ. ಯಾರೋ ಹಕ್ಕಿಯೋರದ್ದು ಬಂತು. ಅಲ್ಲಿಂದ ಇಲ್ಲಿಗೆ."

ಮಧ್ಯಾಹ್ನ ಇನ್ನೊಬ್ಬರು ಬಂದರು. ಅವರಿಗೂ ದಾರಿ ತೋರಿಸಿದ್ದು ಹಕ್ಕಿಯವನೇ. ಹನ್ನೊಂದು ಕೊಂಡಿಗಳಲ್ಲಿ ಕರಡಕ್ಕ ಮುಟ್ಟದೆ ಉಳಿದದ್ದು ಅದೊಂದೇ. ತಮ್ಮನಿಗೆ ಏನೂ ಹೇಳದೆ ಚಪ್ಪಲಿ ಮೆಟ್ಟಿಕೊಂಡು ಬೋರ್ಡು ಮಾಸ್ತರ ಬಳಿಗೆ ನಡೆದಳು.

ಮಾಸ್ತರ ಕೋಣೆಯಲ್ಲಿ ಇನ್ನೂ ಟರ್ಪೆಂಟೈನಿನ ವಾಸನೆ ಹೋಗಿರಲಿಲ್ಲ. ಅವರು ಕಂಪ್ಯೂಟರಿನಲ್ಲಿ 'ಕಿವಿ ಮಿಷನ್ ರಿಪೇರಿ' ಎಂದು ಹುಡುಕಿದರು. ತಮ್ಮನ ಅಂಗಡಿ ಸಿಗಲು ನಾಲ್ಕು ಪುಟ ತಿರುವಬೇಕಾಯಿತು. 'ಶ್ರವಣ ಸಾಧನ ದುರಸ್ತಿ ಕೇಂದ್ರ' ಎಂದು ಹುಡುಕಿದರೆ ಎಲ್ಲಕ್ಕಿಂತ ಮೇಲೆ, ಮೊದಲನೆಯದಾಗಿ ಇತ್ತು.

"ನೋಡಿ, ಇದರಲ್ಲಿ ನಾವೇ ಫಸ್ಟು" ಎಂದರು ಮಾಸ್ತರು. "ಆದ್ರೆ ಹೀಗೆ ಹುಡುಕೋರು ಯಾರು? ತಡೀರಿ, ಅದೂ ಗೊತ್ತಾಗತ್ತೆ. ಎರಡು ತಿಂಗಳಲ್ಲಿ ಏಳು ಸಲ ಹುಡುಕಿದ್ದಾರೆ."

ಕರಡಕ್ಕ ಸೆರಗು ಸರಿಮಾಡಿಕೊಂಡಳು. "ಆ ಏಳೂ ನಾನೇ ಮಾಸ್ತರೇ. ಸರಿಯಾಗಿ ಬಂದಿದೆಯಾ ಅಂತ ನೋಡ್ತಿದ್ದೆ."

ಮಾಸ್ತರು ನಗು ತಡೆದುಕೊಂಡದ್ದು ಅವರ ಒಳ್ಳೆಯತನ. ಹಳೆಯ ಕಸುಬಿನ ಮಾತಿನಲ್ಲಿ ಬಿಡಿಸಿ ಹೇಳಿದರು. "ಮುಂಚೆ ಬೋರ್ಡು ನಮ್ಮ ಅಂಗಡಿ ಮೇಲೆ ಇರ್ತಿತ್ತು ಅಕ್ಕ. ಈಗ ಅದು ಊರವರ ಮನೇಲೆಲ್ಲ ಇರತ್ತೆ. ನಮ್ಮ ಬಗ್ಗೆ ನಾವು ಏನು ಬರ್ಕೊಂಡ್ರೂ ಅದು ನಮ್ಮ ಮಾತು. ಬೇರೆಯವರು ನಮ್ಮ ಕಡೆ ಬೆರಳು ತೋರ್ಸಿ ಏನಂತ ಕರೀತಾರೋ, ಆ ಲಿಂಕಿನ ಮಾತನ್ನ ಈ ಹುಡುಕೋ ಯಂತ್ರ ಬಹಳ ನಂಬತ್ತೆ. ಹತ್ತು ಜನ ಕಿವಿ ಮಿಷನ್ ಅಂದ್ರೆ, ಓಹೋ, ಇವನು ಕಿವಿ ಮಿಷನ್ನಿನವನು ಅನ್ಕೊಳ್ಳತ್ತೆ. ನೀವು ಆ ಹತ್ತೂ ಜನರ ಬಾಯಿ ಮುಚ್ಚಿಸಿಬಿಟ್ರಿ."

"ಹಾಗಾದ್ರೆ ಹತ್ತೂ ಕಡೆ 'ಕಿವಿ ಮಿಷನ್ ರಿಪೇರಿ' ಅಂತ ತಿದ್ದಿಸ್ತೀನಿ. ಇವತ್ತೇ ಪತ್ರ ಬರೀತೀನಿ. ಎಲ್ಲಾ ಕಡೆ ಒಂದೇ ಥರ, ಷಕಾರ ಒಂದೇ ಥರ."

"ಅದೂ ಬೇಡ" ಎಂದರು ಮಾಸ್ತರು ಗಾಬರಿಯಾಗಿ. "ಹತ್ತು ಬಾಯಲ್ಲೂ ಅಕ್ಷರ ಬಿಡದ ಹಾಗೆ ಒಂದೇ ಮಾತು ಬಂದ್ರೆ ಹೇಳಿಕೊಟ್ಟ ಸಾಕ್ಷಿ ಥರ ಆಗತ್ತೆ. ಅದಕ್ಕೆ ಅನುಮಾನ ಬರತ್ತೆ, ಇನ್ನೂ ಕೆಳಗೆ ತಳ್ಳಿಬಿಡತ್ತೆ. ಮೊದಲು ಅವರವರು ಹೇಗೆ ಬರೆದಿದ್ರೋ ಹಾಗೇ ಇರಬೇಕು. ನಮ್ಮ ಸೈಟನ್ನ ನಾನು ಈಗಲೇ ಸರಿಮಾಡ್ತೀನಿ. ಆ ಹತ್ತು ನಿಮ್ಮ ಕೈಲಿದೆ."

"ತಪ್ಪುಗಳ ಸಮೇತನಾ?"

"ತಪ್ಪುಗಳ ಸಮೇತ."

ಮನೆಗೆ ಬಂದು ಕಪಾಟಿನಿಂದ ಹಳೆಯ ಕಡತ ತೆಗೆದಳು. ಪತ್ರ ಬರೆಯುವ ಮುಂಚೆ ಆ ಹತ್ತು ಪುಟಗಳನ್ನೂ ಕಾಗದಕ್ಕೆ ಇಳಿಸಿ, ಅದರ ಮೇಲೇ ತಿದ್ದಿ, ಜೋಪಾನವಾಗಿ ಇಟ್ಟಿದ್ದಳು. ಕರಡು ಎಸೆಯುವ ಅಭ್ಯಾಸ ಅವಳಿಗಿರಲಿಲ್ಲ, ಪುಣ್ಯಕ್ಕೆ. ಕೆಂಪು ಗೆರೆಯ ಅಡಿಯಲ್ಲಿ ಎಲ್ಲರ ಮಾತೂ ಇನ್ನೂ ಓದಲು ಬರುತ್ತಿತ್ತು. ಪೆನ್ನು ಹಿಡಿದು 'ಕಿವಿ ಮಿಶನ್ನು' ಎಂಬುದರ ಕೆಳಗೆ ಮೊದಲ ಚುಕ್ಕಿ ಇಡುವಾಗ ಕೈ ಹಿಂದೆಮುಂದೆ ನೋಡಿತು. ಆಮೇಲೆ ಒಂದೊಂದಾಗಿ ಇಟ್ಟಳು. ಅಂಚಿನಲ್ಲಿ 'ಇರಲಿ' ಎಂದು ಬರೆದಳು. ಹತ್ತು ಹಾಳೆಗೂ ಹಾಗೇ ಮಾಡಿ, ಫೋಟೋ ತೆಗೆದು, ಕ್ಷಮೆ ಕೇಳಿ ಎರಡೆರಡು ಸಾಲು ಸೇರಿಸಿ ಹತ್ತೂ ಕಡೆ ಕಳಿಸಿದಳು. ಹಾಲಿನವನು ನೆನಪಾದದ್ದರಿಂದ, ಚುಕ್ಕಿಯ ಅರ್ಥ ಏನೆಂದೂ ಬಿಡಿಸಿ ಬರೆದಳು.

ಉಳಿದದ್ದು ತಮ್ಮನಿಗೆ ಹೇಳುವುದು. ಬುಧವಾರ ಮಧ್ಯಾಹ್ನ ಅವನು ಊಟಕ್ಕೆ ಬಂದಾಗ, ತಟ್ಟೆಯ ಪಕ್ಕದಲ್ಲಿ ಆ ಕಡತ ಇಟ್ಟು, ಒಂದೂ ಬಿಡದೆ ಹೇಳಿದಳು. ಹೇಳುವಾಗ ಅವನ ಮುಖ ನೋಡಲಿಲ್ಲ. "ನಿನ್ನ ಅಂಗಡಿಗೆ ಬೀಗ ಬೀಳೋ ಹಾಗೆ ಮಾಡಿದ್ದು ನಾನು ಕಣೋ. ಯಾರೂ ಅಲ್ಲ."

ತಮ್ಮ ಕೈ ಒರೆಸಿಕೊಂಡು ಕಡತ ಬಿಚ್ಚಿದ. ಹಾಳೆಗಳನ್ನು ತಿರುವಿದ. ಸಂಗೀತದ ಟೀಚರ ಸಾಲಿನ ಬಳಿ ಬಂದು ನಿಂತ. ಅವನ ಹೆಂಡತಿ ಅತ್ತಿಗೆಯ ಮುಖವನ್ನೂ ಗಂಡನ ಮುಖವನ್ನೂ ನೋಡುತ್ತ ಸೌಟು ಹಿಡಿದೇ ನಿಂತಿದ್ದಳು.

"ಇಷ್ಟೇನಾ?" ಎಂದ ತಮ್ಮ.

"ಇಷ್ಟೇನಾ ಅಂದ್ರೆ?"

"ಅಕ್ಕ, ನಾನು ಜನಕ್ಕೆ ಬೇಡವಾದೆ ಅಂತ ತಿಳ್ಕೊಂಡಿದ್ದೆ" ಎಂದ. "ನನ್ನ ಕೆಲಸ ಯಾರಿಗೂ ಬೇಕಾಗಿಲ್ಲ, ಕಾಲ ಮುಗೀತು ಅಂತ. ಎರಡು ತಿಂಗಳಿಂದ ಅದೊಂದೇ ತಲೇಲಿ. ಬರೀ ಕಾಗುಣಿತಾನಾ ಇದು?"

ಹೇಳಿದವನೇ ನಗಲು ಶುರುಮಾಡಿದ. ಎರಡು ತಿಂಗಳಿಂದ ಆ ಮನೆಯಲ್ಲಿ ಕೇಳಿಸದಿದ್ದ ನಗು. ಅವನ ಹೆಂಡತಿಯೂ ಸೌಟು ಕೆಳಗಿಟ್ಟು ನಕ್ಕಳು. ಬೈಗುಳಕ್ಕೆ ಸಿದ್ಧವಾಗಿ ಕೂತಿದ್ದ ಕರಡಕ್ಕ ಮಾತ್ರ ಏನು ಮಾಡುವುದೆಂದು ತಿಳಿಯದೆ ಕನ್ನಡಕ ತೆಗೆದು ಒರೆಸಿದಳು, ಮತ್ತೆ ಒರೆಸಿದಳು.

ಶುಕ್ರವಾರದವರೆಗೂ ಕಾಯದೆ ತಮ್ಮ ಅಂದೇ ಕಂಪನಿಗೆ ಫೋನು ಮಾಡಿ ಉಹೂಂ ಎಂದ. ಕರಡಕ್ಕ ಅವನ ಕೈ ಹಿಡಿದಳು. "ಇನ್ನೂ ಜನ ಬಂದಿಲ್ವಲ್ಲೋ. ಆ ಯಂತ್ರ ಎಲ್ಲಾ ಪುಟ ಮತ್ತೆ ಓದ್ಕೊಂಡು ಬರೋಕೆ ಮೂರ್ನಾಲ್ಕು ವಾರ ಬೇಕಂತೆ."

"ಓದ್ಲಿ ಬಿಡು. ಎಲ್ಲಿಗೆ ಹೋಗ್ತೀವಿ?"

ಹತ್ತರಲ್ಲಿ ಎಂಟು ಕಡೆಯವರು ಅದೇ ವಾರ ತಮ್ಮ ಹಳೆಯ ಮಾತನ್ನು ವಾಪಸು ಹಾಕಿದರು. ಶಾಲೆಯವರಿಗೆ ರಜೆ, ಅವರದು ಹದಿನೈದು ದಿನ ತಡವಾಯಿತು. ಔಷಧದ ಅಂಗಡಿಯವನು ಮಾತ್ರ ಬದಲಿಸಲೇ ಇಲ್ಲ. ಆ ಹೊಸ ಮಾತು ಕೇಳೋಕೆ ಗತ್ತಾಗಿದೆ ಎಂದ. ಮೂರನೆಯ ವಾರದ ಕೊನೆಗೆ ಅಂಗಡಿಯ ಫೋನು ಒಂದೇ ಬೆಳಗ್ಗೆ ಮೂರು ಸಲ ರಿಂಗಾಯಿತು. ಮೂರನೆಯ ಸಲ ಕೈ ಬಿಡುವಿಲ್ಲದ ತಮ್ಮ, ಜೊತೆಗೆ ಬಂದು ಕೂತಿದ್ದ ಕರಡಕ್ಕನಿಗೆ "ಅಕ್ಕ, ನೀನೇ ತಗೋ" ಎಂದು ಕೂಗಿದ. ಅವತ್ತಿನಿಂದ ಫೋನು ಅವಳ ಪಾಲಿನ ಕೆಲಸವಾಯಿತು. ಕರೆ ಮಾಡಿದವರು ಮಿಷನ್ ಅಂದರೆ ಮಿಷನ್, ಮಿಷಿನ್ ಅಂದರೆ ಮಿಷಿನ್, ಅವರು ಹೇಳಿದ ಹಾಗೇ ಪುಸ್ತಕದಲ್ಲಿ ಬರೆದುಕೊಳ್ಳುತ್ತಾಳೆ. ಮೊದಮೊದಲು ಸ್ವಲ್ಪ ಕಷ್ಟವಾಯಿತಂತೆ.

ಒಂದು ದಿನ ಮಧ್ಯಾಹ್ನ ಕೊರಳಲ್ಲಿ ದುರ್ಬೀನು ನೇತುಹಾಕಿಕೊಂಡ ಎತ್ತರದ ಮುದುಕನೊಬ್ಬ ಮೆಟ್ಟಿಲು ಹತ್ತಿ ಬಂದ. ಮಿಷನ್ನಿಗೆ ನೀರು ಬಿದ್ದಿತ್ತು. ಅವನೇ ಹಕ್ಕಿಯ ಡ್ರೈವರು ಎಂದು ತಿಳಿದೊಡನೆ ಕರಡಕ್ಕ ಎದ್ದು ನಿಂತು ಕುರ್ಚಿ ಕೊಟ್ಟಳು. ತಮ್ಮ ಅದನ್ನು ಒಣಗಿಸಿ, ಬ್ಯಾಟರಿ ಬದಲಿಸಿ, ಕಿವಿಗೆ ಹಾಕಿಕೊಟ್ಟ ಮೇಲೆ ಕೇಳಿದಳು: "ನಾನು ನಿಮಗೆ ಮೂರು ಪತ್ರ ಬರೆದಿದ್ದೆ. ನೀವು ಒಂದಕ್ಕೂ ಉತ್ತರ ಕೊಡ್ಲಿಲ್ಲ."

"ಓ, ಅದು ನೀವಾ?" ಎಂದು ಡ್ರೈವರು ಸಂಕೋಚಪಟ್ಟ. "ಶ್ರವಣ ಸಾಧನ, ಶ್ರವಣ ಸಾಧನ ಅಂತಿತ್ತು. ಶ್ರವಣ ಅನ್ನೋರು ಯಾರೋ ಏನೋ ಸಾಧನೆ ಮಾಡಿದ್ದಾರೆ, ಅವರ ಸುದ್ದಿ ಹಾಕು ಅಂತಿದ್ದಾರೆ ಅನ್ಕೊಂಡೆ. ನಂದು ಹಕ್ಕಿ ಸೈಟು, ಮನುಷ್ಯರ ಸಾಧನೆ ಎಲ್ಲ ಅದರಲ್ಲಿ ಹಾಕಲ್ಲ ನಾನು."

ಬೆಂಚಿನ ಮೇಲೆ ಬಗ್ಗಿದ್ದ ತಮ್ಮನ ಬೆನ್ನು ಕುಲುಕಾಡಿತು. ಕರಡಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು, ಆದರೂ ತಡೆಯಲಾಗದೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಡ್ರೈವರಿಗೆ ಏನೂ ಅರ್ಥವಾಗಲಿಲ್ಲ, ಆದರೆ ನಗು ಚೆನ್ನಾಗಿ ಕೇಳಿಸುತ್ತಿತ್ತು, ಅದೇ ಅವನಿಗೆ ಸಂತೋಷ. ಹೊರಡಲು ಎದ್ದವನು ಬಾಗಿಲ ಬಳಿ ನಿಂತು ಕೇಳಿದ: "ಏನಮ್ಮ, ಪತ್ರದಲ್ಲಿ ತಿದ್ದಿ ಅಂತಾನೂ ಇತ್ತು, ಇವರ ಬಗ್ಗೆ ನಾನು ಬರೆದ ಆ ಸಾಲಿನಲ್ಲಿ ತಪ್ಪಿದೆಯಾ? ಇದ್ರೆ ಹೇಳಿ, ಮನೆಗೆ ಹೋಗಿ ಸರಿ ಮಾಡ್ತೀನಿ. ನಾನು ಓದಿದ್ದು ಕಮ್ಮಿ."

ಮೂರು ತಪ್ಪುಗಳೂ ಕರಡಕ್ಕನ ನಾಲಿಗೆಯ ತುದಿಗೆ ಬಂದವು.

"ಇರಲಿ" ಎಂದಳು.

ಡ್ರೈವರು ತಲೆಯಾಡಿಸಿ ಮೆಟ್ಟಿಲಿಳಿದ. ಒಳಗೆ ಫೋನು ರಿಂಗಾಯಿತು. ಅವಳು ಹೋಗಿ ಎತ್ತಿಕೊಂಡು, "ಹೇಳಿ, ಕಿವಿ ಮಿಷನ್ ರಿಪೇರಿ ಅಂಗಡಿ" ಎಂದಳು.